ಹಿಂದಿನ ಡಿಸ್ಕ್ ಬ್ರೇಕ್ ಬಿಸಿಯಾಗಿ ಹಿಡ್ಕೊಳ್ತಿದೆ, ಡಿಸ್ಕ್ ಬದಲಾಯಿಸ್ಲಾ?

ಪ್ರಶ್ನೆ: ನನ್ನ ಬೈಕಲ್ಲಿ ಹಿಂದೆ ಡಿಸ್ಕ್ ಬ್ರೇಕ್ ಇದೆ. ಹೊರಟಾಗ ಎಲ್ಲಾ ಸರಿಯಾಗೇ ಇರುತ್ತೆ, ಹದಿನೈದಿಪ್ಪತ್ತು ಕಿಲೋಮೀಟರ್ ಆದ್ಮೇಲೆ ಗಾಡಿ ಯಾರೋ ಹಿಂದಿಂದ ಎಳೀತಿದಾರೆ ಅನ್ನೋ ಥರ ಆಗುತ್ತೆ, ಬ್ರೇಕ್ ಪೆಡಲ್ ಒತ್ತಿದ್ರೆ ಒಳಗೇ ಹೋಗಲ್ಲ, ಅಷ್ಟು ಗಟ್ಟಿ. ಸುಟ್ಟ ವಾಸನೆ ಬೇರೆ. ಅರ್ಧ ಗಂಟೆ ನಿಲ್ಲಿಸಿದ್ರೆ ಮತ್ತೆ ಫ್ರೀ ಆಗುತ್ತೆ. ಪ್ಯಾಡ್ ಹೊಸದು ಹಾಕ್ಸಿದ್ದಾಯ್ತು, ಕ್ಯಾಲಿಪರ್ ಸೀಲ್ ಕಿಟ್ ಹಾಕ್ಸಿದ್ದಾಯ್ತು, ಬ್ರೇಕ್ ಆಯಿಲ್ ಬದಲಾಯಿಸಿ ಏರ್ ತೆಗೆಸಿದ್ದಾಯ್ತು. ಈಗ ಡಿಸ್ಕ್ ಬೆಂಡ್ ಇದೆ, ಅದನ್ನೂ ಬದಲಾಯಿಸಿ ಅಂತಿದಾರೆ. ಇದು ಶುರುವಾಗೋಕೆ ಸ್ವಲ್ಪ ಮುಂಚೆ ಪೆಡಲ್ ತುಂಬಾ ಮೇಲಿದೆ ಅಂತ ಕೆಳಗೆ ಮಾಡ್ಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇರಲ್ಲ ಅಂದ್ಕೊಂಡಿದೀನಿ. ಏನ್ಮಾಡ್ಲಿ?

ಉತ್ತರ: ಸದ್ಯಕ್ಕೆ ಡಿಸ್ಕ್ ಬದಲಾಯಿಸ್ಬೇಡಿ. ನೀವು ಸಂಬಂಧ ಇಲ್ಲ ಅಂದ್ಕೊಂಡಿರೋ ಆ ಪೆಡಲ್ ಕೆಳಗೆ ಮಾಡ್ಸಿದ್ದೇ ಇಲ್ಲಿ ಮುಖ್ಯ ಸುಳಿವು, ನೀವು ಬರೆದಿರೋದ್ರಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದೇ ಆ ಸಾಲಿನ ಮೇಲೆ. ಆದ್ರೂ ದೂರದಲ್ಲಿ ಕೂತು ಇದೇ ಅಂತ ನೂರಕ್ಕೆ ನೂರು ಹೇಳೋದು ಸರಿ ಅಲ್ಲ, ಅದಕ್ಕೇ ನಿಮ್ಮ ಕೈಲೇ ಪತ್ತೆ ಮಾಡ್ಕೊಳ್ಳೋ ದಾರಿ ಹೇಳ್ತೀನಿ. ಬೇಕಾಗಿರೋದು ಒಂದೆರಡು ಸ್ಪ್ಯಾನರ್, ಒಂದು ತುಂಡು ಪಾರದರ್ಶಕ ಪೈಪ್, ಹಳೇ ಬಟ್ಟೆ, ಅಷ್ಟೇ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳಿ. ಬ್ರೇಕ್ ಹಿಡ್ಕೊಳ್ಳೋದ್ರಲ್ಲಿ ಎರಡೇ ಜಾತಿ. ಒಂದು, ಕಾಲು ತೆಗೆದ್ಮೇಲೂ ಆಯಿಲ್ ಲೈನ್ ಒಳಗೆ ಪ್ರೆಷರ್ ಉಳ್ಕೊಂಡಿರೋದು. ಇನ್ನೊಂದು, ಪ್ರೆಷರ್ ಪೂರ್ತಿ ಇಳಿದಿದೆ ಆದ್ರೆ ಪಿಸ್ಟನ್ನೋ ಪ್ಯಾಡೋ ಸ್ಲೈಡ್ ಪಿನ್ನೋ ತುಕ್ಕು ಕೆಸರಿಂದ ಸಿಕ್ಕಾಕೊಂಡು ಹಿಂದಕ್ಕೆ ಬರ್ತಿಲ್ಲ ಅನ್ನೋದು. ಮೊದಲನೇದಕ್ಕೆ ಕಾರಣ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್‌ಗೆ ಪ್ರೆಷರ್ ಕೊಡೋ ಭಾಗ) ಕಡೆ ಇರುತ್ತೆ, ಎರಡನೇದಕ್ಕೆ ಚಕ್ರದ ಕಡೆ, ಅಂದ್ರೆ ಪ್ಯಾಡ್‌ಗಳನ್ನ ಡಿಸ್ಕ್‌ಗೆ ಒತ್ತೋ ಕ್ಯಾಲಿಪರ್ ಕಡೆ. ಇದ್ರಲ್ಲಿ ಯಾವ್ದು ಅಂತ ಗೊತ್ತಾಗದೆ ಪಾರ್ಟ್ಸ್ ಬದಲಾಯಿಸ್ತಾ ಹೋದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು, ಚಕ್ರದ ಕಡೆ ಇರೋದೆಲ್ಲ ಹೊಸದಾಯ್ತು, ತೊಂದರೆ ಮಾತ್ರ ಹಂಗೇ ಇದೆ.

ನೀವು ಹೇಳಿರೋ ಲಕ್ಷಣ ಮೊದಲನೇ ಜಾತಿಗೆ ಸರಿಯಾಗಿ ಹೊಂದುತ್ತೆ. ತಣ್ಣಗಿದ್ದಾಗ ಫ್ರೀ, ಓಡ್ತಾ ಓಡ್ತಾ ಜಾಸ್ತಿ ಆಗುತ್ತೆ, ಪೆಡಲ್ ಆಟ (ಬ್ರೇಕ್ ಹಿಡಿಯೋ ಮುಂಚೆ ಖಾಲಿ ಚಲಿಸೋ ದೂರ) ಕಮ್ಮಿ ಆಗ್ತಾ ಬಂದು ಕೊನೆಗೆ ಗಟ್ಟಿ ನಿಲ್ಲುತ್ತೆ, ತಣ್ಣಗಾದ್ರೆ ತಾನೇ ಬಿಡುತ್ತೆ. ಪಿಸ್ಟನ್ ಜಾಮ್ ಆಗಿದ್ರೆ ಹಿಂಗಾಗಲ್ಲ, ಅದು ಬೆಳಿಗ್ಗೆ ಗಾಡಿ ತಳ್ಳುವಾಗ್ಲೇ ಉಜ್ಜುತ್ತೆ, ಪೆಡಲ್ ಆಟದಲ್ಲಿ ಅಷ್ಟು ವ್ಯತ್ಯಾಸಾನೂ ಬರಲ್ಲ. ಡಿಸ್ಕ್ ಬೆಂಡ್ ಇದ್ರಂತೂ ಪೂರ್ತಿ ಬೇರೆ ಥರ, ಒಂದು ಸುತ್ತಿಗೆ ಒಂದು ಸಲ ಶ್... ಶ್... ಅಂತ ಬಿಟ್ಟು ಬಿಟ್ಟು ಉಜ್ಜುತ್ತೆ, ಬ್ರೇಕ್ ಒತ್ತಿದಾಗ ಕಾಲಿಗೆ ಮಿಡಿತ ಸಿಗುತ್ತೆ. ಬೆಂಡ್ ಆಗಿರೋ ಡಿಸ್ಕ್ ತಿರುಗ್ತಾ ಪ್ಯಾಡನ್ನ ಹಿಂದಕ್ಕೆ ತಳ್ತಾ ಇರುತ್ತೆ, ಹಂಗಾಗಿ ಪೆಡಲ್ ಗಟ್ಟಿ ಆಗೋದ್ರ ಬದಲು ಆಟ ಜಾಸ್ತಿನೇ ಆಗ್ಬಹುದು. ನಿಮ್ಮ ಡಿಸ್ಕ್ ನಿಜಕ್ಕೂ ಸ್ವಲ್ಪ ಬೆಂಡ್ ಆಗಿದ್ರೂ ಅದು ಇಷ್ಟು ದಿನದ ಬಿಸಿಯಿಂದ ಆಗಿರೋ ಸಾಧ್ಯತೆನೇ ಜಾಸ್ತಿ. ಮೂಲ ಹಂಗೇ ಬಿಟ್ಟು ಹೊಸ ಡಿಸ್ಕ್ ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ.

ಪ್ರೆಷರ್ ಯಾಕೆ ಉಳ್ಕೊಳ್ಳುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದೊಂದು ಅರ್ಥ ಆದ್ರೆ ಮುಂದಿಂದೆಲ್ಲ ಸುಲಭ.

ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಪಿಸ್ಟನ್, ಅದರ ತುದೀಲಿ ಒಂದು ರಬ್ಬರ್ ಕಪ್ ಇರುತ್ತೆ. ಪೆಡಲ್ ಬಿಟ್ಟಾಗ ಆ ಕಪ್ ಪೂರ್ತಿ ಹಿಂದಕ್ಕೆ ಬಂದು ನಿಲ್ಲುತ್ತೆ, ಹಂಗೆ ನಿಂತಾಗ ಅದರ ಮುಂದೆ ಒಂದು ಸಣ್ಣ ತೂತು ತೆರ್ಕೊಳ್ಳುತ್ತೆ, ಸೂಜಿ ಮೊನೆ ಹೋದ್ರೆ ಹೋಯ್ತು ಅನ್ನೋಷ್ಟು ಸಣ್ಣದು. ಆ ತೂತು ಸೀದಾ ಆಯಿಲ್ ಡಬ್ಬಿಗೆ ದಾರಿ. ಪೆಡಲ್ ಒತ್ತಿದ ತಕ್ಷಣ ಕಪ್ ಒಂದು ಸ್ವಲ್ಪ ಮುಂದೆ ಹೋಗಿ ಆ ತೂತನ್ನ ಮುಚ್ಚುತ್ತೆ, ಮುಚ್ಚಿದ್ಮೇಲೇ ಪ್ರೆಷರ್ ಏರೋಕೆ ಶುರು. ಬಿಟ್ರೆ ಮತ್ತೆ ತೆರ್ಕೊಳ್ಳುತ್ತೆ, ಲೈನಲ್ಲಿರೋ ಹೆಚ್ಚುವರಿ ಆಯಿಲ್ ಡಬ್ಬಿಗೆ ವಾಪಸ್ ಹೋಗುತ್ತೆ. ಓಡ್ಸುವಾಗ ಕ್ಯಾಲಿಪರ್ ಬಿಸಿಯಾಗಿ ಆಯಿಲ್ ಹಿಗ್ಗುತ್ತಲ್ಲ, ಹಿಗ್ಗಿದ್ದಕ್ಕೂ ಇದೇ ದಾರಿ.

ಈಗ ಪೆಡಲ್ ಬಿಟ್ಟಾಗ್ಲೂ ಪುಶ್ ರಾಡ್ (ಪೆಡಲಿಂದ ಬಂದು ಪಿಸ್ಟನ್ನ ತಳ್ಳೋ ಕಡ್ಡಿ) ಆ ಪಿಸ್ಟನ್ನ ಕೂದಲಿನಷ್ಟು ಒಳಗೇ ಒತ್ತಿ ಹಿಡ್ಕೊಂಡಿದೆ ಅಂದ್ಕೊಳಿ. ತೂತು ಮುಚ್ಚೇ ಇರುತ್ತೆ. ತಣ್ಣಗಿದ್ದಾಗ ಏನೂ ಗೊತ್ತಾಗಲ್ಲ, ಲೈನಲ್ಲಿ ಪ್ರೆಷರ್ ಇಲ್ವಲ್ಲ, ಚಕ್ರ ಆರಾಮಾಗಿ ತಿರುಗುತ್ತೆ. ಓಡ್ಸಿ ನಾಲ್ಕು ಸಲ ಬ್ರೇಕ್ ಹಾಕಿದ್ಮೇಲೆ ಆಯಿಲ್ ಬಿಸಿಯಾಗುತ್ತೆ, ಹಿಗ್ಗುತ್ತೆ, ಹೋಗೋಕೆ ದಾರಿ ಇಲ್ಲ. ಒತ್ತಿದ್ರೆ ದ್ರವ ಕುಗ್ಗಲ್ಲ, ಹಂಗಾಗಿ ಸ್ವಲ್ಪ ಹಿಗ್ಗಿದ್ರೂ ಸಾಕು ಪಿಸ್ಟನ್ ಪ್ಯಾಡನ್ನ ಡಿಸ್ಕ್‌ಗೆ ಒತ್ತುತ್ತೆ. ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಬಿಸಿಗೆ ಇನ್ನೂ ಹಿಗ್ಗು, ಹಿಗ್ಗಿದ್ದಕ್ಕೆ ಇನ್ನೂ ಬಿಗಿ. ಬಿಟ್ರೆ ಚಕ್ರ ಲಾಕ್ ಆಗೋವರೆಗೂ ಹೋಗುತ್ತೆ, ಅದಕ್ಕೇ ಇದನ್ನ ಸರಿ ಮಾಡೋ ತನಕ ಆ ಗಾಡಿ ದೂರ ತಗೊಂಡು ಹೋಗ್ಬೇಡಿ ಅಂತ ಖಡಾಖಂಡಿತವಾಗಿ ಹೇಳ್ತೀನಿ. ಹೈವೇಲಿ ಹಿಂದಿನ ಚಕ್ರ ಲಾಕ್ ಆದ್ರೆ ಗಾಡಿ ಅಡ್ಡ ತಿರುಗುತ್ತೆ, ಬ್ರೇಕ್ ಬಿಟ್ಟು ಸರಿ ಮಾಡ್ಕೊಳ್ಳೋಣ ಅಂದ್ರೆ ಬಿಡೋಕೆ ಇಲ್ಲಿ ಏನೂ ಇಲ್ಲ, ನೀವು ಬ್ರೇಕ್ ಹಾಕೇ ಇರಲ್ಲ.

ಸರಿ, ಟೆಸ್ಟ್. ಇದನ್ನ ಬಿಸಿ ಇರುವಾಗ್ಲೇ ಮಾಡ್ಬೇಕು, ಗಾಡಿ ತಣ್ಣಗಾದ್ಮೇಲೆ ಗ್ಯಾರೇಜಿಗೆ ತಗೊಂಡು ಹೋಗಿ ತೋರ್ಸಿದ್ರೆ ಏನೂ ಕಾಣಲ್ಲ, ನಿಮಗೆ ಇಷ್ಟು ದಿನ ಆಗಿರೋದೂ ಅದೇ ಇರ್ಬೇಕು. ಮನೆ ಹತ್ರನೇ ಟ್ರಾಫಿಕ್ ಇಲ್ಲದ ಕಡೆ ನಿಧಾನಕ್ಕೆ ಓಡ್ಸಿ, ಎಳೀತಿದೆ ಅನ್ನಿಸಿದ ತಕ್ಷಣ ವಾಪಸ್ ಬಂದು ಡಬಲ್ ಸ್ಟ್ಯಾಂಡ್ ಹಾಕಿ, ಅದಿಲ್ಲಾಂದ್ರೆ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಎತ್ತಿ. ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಲಿ ತಿರುಗಿಸಿ ನೋಡಿ, ಬಿಗಿ ಇದೆ ಅಂತ ಖಾತ್ರಿ ಮಾಡ್ಕೊಳಿ. ಡಿಸ್ಕು ಕ್ಯಾಲಿಪರ್ ಮುಟ್ಬೇಡಿ, ಚರ್ಮ ಅಂಟ್ಕೊಳ್ಳೋಷ್ಟು ಬಿಸಿ ಇರುತ್ತೆ. ಅವುಗಳ ಮೇಲೆ ನೀರಂತೂ ಹಾಕ್ಲೇಬೇಡಿ.

ಈಗ ಕ್ಯಾಲಿಪರ್ ಮೇಲಿರೋ ಏರ್ ತೆಗೆಯೋ ನಿಪ್ಪಲ್‌ಗೆ ಪೈಪ್ ಸಿಕ್ಸಿ, ಇನ್ನೊಂದು ತುದಿ ಬಾಟಲಿಗೆ ಬಿಟ್ಟು, ಪಕ್ಕದಲ್ಲಿ ಬಟ್ಟೆ ಹೊದಿಸಿ, ಕನ್ನಡಕ ಹಾಕ್ಕೊಂಡು, ರಿಂಗ್ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಲೂಸ್ ಮಾಡಿ. ಪೆಡಲ್ ಮುಟ್ಟೋ ಹಂಗಿಲ್ಲ. ಆಯಿಲ್ ಚಿರ್ ಅಂತ ಪೈಪಿಗೆ ನುಗ್ಗಿ ಚಕ್ರ ತಕ್ಷಣ ಫ್ರೀ ಆಯ್ತಾ, ಹಂಗಾದ್ರೆ ಪ್ರೆಷರ್ ಸಿಕ್ಕಾಕೊಂಡಿತ್ತು, ತಪ್ಪು ಮೇಲ್ಗಡೆ ಇದೆ, ಕ್ಯಾಲಿಪರ್ ನಿರ್ದೋಷಿ. ಎರಡು ಹನಿ ಸುಮ್ನೆ ಜಿನುಗಿ ಚಕ್ರ ಅಷ್ಟೇ ಬಿಗಿಯಾಗಿದ್ರೆ ಪ್ರೆಷರ್ ಇರ್ಲಿಲ್ಲ, ಕ್ಯಾಲಿಪರ್ ಕಡೆ ಏನೋ ಸಿಕ್ಕಾಕೊಂಡಿದೆ. ನಿಪ್ಪಲ್ ತಕ್ಷಣ ವಾಪಸ್ ಮುಚ್ಚಿ, ಗಾಳಿ ಒಳಗೆ ಹೋಗ್ಬಾರ್ದು. ಸಣ್ಣ ನಿಪ್ಪಲ್ಲು, ಬಲ ಹಾಕಿ ತಿರುಚ್ಬೇಡಿ, ಮುರಿದ್ರೆ ಕ್ಯಾಲಿಪರ್‌ಗೇ ಕುತ್ತು. ಪೇಂಟ್ ಮೇಲೆ ಬಿದ್ದಿರೋ ಆಯಿಲ್ ಕೂಡ್ಲೇ ನೀರಲ್ಲಿ ತೊಳೀರಿ, ಇಲ್ಲಾಂದ್ರೆ ಬಣ್ಣ ಎದ್ದು ಬರುತ್ತೆ.

ಈ ಒಂದು ಟೆಸ್ಟ್‌ನ ಮೊದಲ ದಿನವೇ ಯಾರಾದ್ರೂ ಮಾಡಿದ್ರೆ ನಿಮ್ಮ ಪ್ಯಾಡು, ಸೀಲ್ ಕಿಟ್ಟು ಎಲ್ಲ ಉಳೀತಿತ್ತು. ಯಾಕೋ ಗೊತ್ತಿಲ್ಲ, ತುಂಬಾ ಜನ ಮೆಕ್ಯಾನಿಕ್‌ಗಳು ಬ್ರೇಕ್ ಬಿಸಿ ಅಂದ ತಕ್ಷಣ ಕ್ಯಾಲಿಪರ್ ಬಿಚ್ಚೋಕೆ ಕೂರ್ತಾರೆ.

ಫ್ರೀ ಆಯ್ತು ಅಂತಿಟ್ಕೊಳಿ, ನಿಮ್ಮ ಗಾಡೀಲಿ ಆಗೋದು ಅದೇ ಅಂತ ನನ್ನ ಅಂದಾಜು. ಈಗ ಮೇಲ್ಗಡೆ ಎಲ್ಲಿ ಅನ್ನೋದು ಪ್ರಶ್ನೆ. ಮತ್ತೆ ಒಂದು ಸಲ ಬಿಸಿ ಮಾಡ್ಕೊಂಡು ಬನ್ನಿ. ಈ ಸಲ ನಿಪ್ಪಲ್ ಮುಟ್ಬೇಡಿ, ಮಾಸ್ಟರ್ ಸಿಲಿಂಡರ್‌ನ ಫ್ರೇಮಿಗೆ ಹಿಡಿದಿರೋ ಎರಡು ಬೋಲ್ಟ್ ಸ್ವಲ್ಪ ಲೂಸ್ ಮಾಡಿ, ಸಿಲಿಂಡರ್ ಪುಶ್ ರಾಡಿಂದ ಒಂದೆರಡು ಮಿಲಿಮೀಟರ್ ದೂರ ಸರಿಯೋ ಹಂಗೆ ಎಳೀರಿ. ಚಕ್ರ ಬಿಟ್ಕೊಂಡ್ರೆ ಮುಗೀತು, ರಾಡ್ ಪಿಸ್ಟನ್ನ ಒತ್ತಿ ಹಿಡ್ಕೊಂಡಿತ್ತು, ಅಡ್ಜಸ್ಟ್‌ಮೆಂಟ್ ಸರಿ ಮಾಡಿದ್ರೆ ಆಯ್ತು. ಬಿಡ್ಲಿಲ್ಲ ಅಂದ್ರೆ ಮಾಸ್ಟರ್ ಸಿಲಿಂಡರಿಂದ ಹೊರಡೋ ಪೈಪಿನ ಬ್ಯಾಂಜೋ ಬೋಲ್ಟ್‌ನ (ಪೈಪನ್ನ ಸಿಲಿಂಡರ್‌ಗೆ ಹಿಡಿದಿರೋ ಬೋಲ್ಟ್) ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ. ಆಗ ಬಿಟ್ಕೊಂಡ್ರೆ ಸಿಲಿಂಡರ್ ಒಳಗೇ ತೊಂದರೆ, ಆ ಸಣ್ಣ ತೂತು ಕಟ್ಟಿದೆ ಇಲ್ಲಾ ಪಿಸ್ಟನ್ ತುಕ್ಕಿಗೆ ಅಂಟಿ ಪೂರ್ತಿ ಹಿಂದಕ್ಕೆ ಬರ್ತಿಲ್ಲ. ಅಲ್ಲಿ ಸಡಿಲಿಸಿದ್ರೂ ಬಿಡದೆ ಕೆಳಗಿನ ನಿಪ್ಪಲ್ ತೆಗೆದಾಗ ಮಾತ್ರ ಬಿಟ್ರೆ ಮಧ್ಯದ ಪೈಪ್ ಒಳಗೆ ಊದಿಕೊಂಡು ಮುಚ್ಚಿದೆ, ಹಳೇ ರಬ್ಬರ್ ಪೈಪಲ್ಲಿ ಹಿಂಗಾಗುತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಒತ್ತಿದಾಗ ಪ್ರೆಷರ್ ಒಳಕ್ಕೆ ದಾಟುತ್ತೆ, ವಾಪಸ್ ಬರೋಕೆ ಮಾತ್ರ ಬಿಡಲ್ಲ. ಬ್ಯಾಂಜೋ ಸಡಿಲಿಸಿದ್ಮೇಲೆ ಅದರ ಎರಡೂ ವಾಷರ್ ಹೊಸದು ಹಾಕಿ, ಏರ್ ತೆಗೀಲೇಬೇಕು. ಎಬಿಎಸ್ ಇರೋ ಗಾಡಿ ಆದ್ರೆ ಮಧ್ಯದಲ್ಲಿ ಇನ್ನೊಂದು ಡಬ್ಬ ಇರುತ್ತೆ, ಅದರ ಮುಂದೆ ಹಿಂದೆ ಎರಡೂ ಕಡೆ ಹಿಂಗೇ ನೋಡ್ಬೇಕು, ಆದ್ರೆ ಅದು ಕೆಟ್ಟಿರೋ ಸಾಧ್ಯತೆ ಕಮ್ಮಿ, ಕೊನೇಲಿ ಅನುಮಾನ ಪಡಿ.

ಇನ್ನೊಂದು ಸುಲಭದ ಟೆಸ್ಟ್ ಇದೆ, ತಣ್ಣಗಿದ್ದಾಗ್ಲೂ ಮಾಡ್ಬಹುದು. ಆಯಿಲ್ ಡಬ್ಬಿ ಮುಚ್ಚಳ ತೆಗೀರಿ, ಮಟ್ಟ ತೀರಾ ಮೇಲಿದ್ರೆ ಸ್ವಲ್ಪ ತೆಗೆದಿಡಿ. ಆಮೇಲೆ ಕ್ಯಾಲಿಪರ್ ಬಾಡಿನ ಕೈಲಿ ಹಿಡಿದು, ಪಿಸ್ಟನ್ ಒಳಗೆ ಸರಿಯೋ ದಿಕ್ಕಿಗೆ ಗಟ್ಟಿಯಾಗಿ ನಿಧಾನಕ್ಕೆ ತಳ್ಳಿ. ದಾರಿ ತೆರೆದಿದ್ರೆ ಪಿಸ್ಟನ್ ಒಳಗೆ ಜಾರುತ್ತೆ, ಡಬ್ಬೀಲಿ ಮಟ್ಟ ಏರೋದು ಕಣ್ಣಿಗೆ ಕಾಣುತ್ತೆ. ಎಷ್ಟು ತಳ್ಳಿದ್ರೂ ಅಲ್ಲಾಡದೆ, ನಿಪ್ಪಲ್ ಸಡಿಲಿಸಿದ ಕೂಡ್ಲೇ ಸಲೀಸಾಗಿ ಒಳಗೆ ಹೋದ್ರೆ ವಾಪಸ್ ದಾರಿ ಮುಚ್ಚಿದೆ ಅಂತಲೇ ಅರ್ಥ. ಇದಾದ್ಮೇಲೆ ಗಾಡಿ ಹತ್ತೋಕೆ ಮುಂಚೆ ಪೆಡಲ್ ನಾಲ್ಕೈದು ಸಲ ಒತ್ತಿ ಪ್ಯಾಡ್ ಮತ್ತೆ ಡಿಸ್ಕ್ ಹತ್ರ ತರೋದು ಮರೀಬೇಡಿ, ಇಲ್ಲಾಂದ್ರೆ ಮೊದಲ ಸಲ ಕಾಲಿಟ್ಟಾಗ ಬ್ರೇಕೇ ಇರಲ್ಲ.

ಈಗ ನಿಮ್ಮ ಪೆಡಲ್ ವಿಷಯಕ್ಕೆ ಬರ್ತೀನಿ. ಪೆಡಲ್ ಎತ್ತರ ಬದಲಾಯಿಸೋ ಏರ್ಪಾಡು ಎಲ್ಲಾ ಬೈಕಲ್ಲೂ ಒಂದೇ ಥರ ಇರಲ್ಲ. ಕೆಲವದ್ರಲ್ಲಿ ಪೆಡಲ್ ಎಲ್ಲಿ ನಿಲ್ಬೇಕು ಅನ್ನೋದನ್ನ ಮಾಸ್ಟರ್ ಸಿಲಿಂಡರ್ ಒಳಗಿರೋ ಲಾಕೇ ತೀರ್ಮಾನ ಮಾಡುತ್ತೆ, ಸ್ಪ್ರಿಂಗ್ ಪೆಡಲ್‌ನ ಎಳೆದು ರಾಡ್ ಆ ಲಾಕಿಗೆ ತಾಗಿ ನಿಲ್ಲುತ್ತೆ, ಅಂಥದ್ರಲ್ಲಿ ರಾಡ್ ಉದ್ದ ಗಿಡ್ಡ ಮಾಡಿದ್ರೆ ಪೆಡಲ್ ಮೇಲೆ ಕೆಳಗೆ ಆಗುತ್ತೆ, ಆಟ ಹಂಗೇ ಉಳ್ಕೊಳ್ಳುತ್ತೆ. ಇನ್ನು ಕೆಲವದ್ರಲ್ಲಿ ಪೆಡಲ್‌ಗೇ ಬೇರೆ ಒಂದು ಸ್ಟಾಪರ್ ಬೋಲ್ಟ್ ಇರುತ್ತೆ. ಪೆಡಲ್ ಎಷ್ಟು ಮೇಲೆ ಬರ್ಬೇಕು ಅಂತ ಹೇಳೋದು ಆ ಬೋಲ್ಟು. ಈ ಥರದ ಗಾಡೀಲಿ ಪೆಡಲ್ ಕೆಳಗೆ ಮಾಡಿ ಅಂದ್ರೆ ಅವಸರದವರು ಸ್ಟಾಪರ್ ಬೋಲ್ಟ್ ಮಾತ್ರ ತಿರುಗಿಸಿ ಪೆಡಲ್ ಕೆಳಗೆ ಇಳಿಸಿ ಕಳಿಸ್ತಾರೆ. ಪೆಡಲ್ ಮುಂದೆ ಕೆಳಗಿಳಿದ್ರೆ ಅದರ ಹಿಂದಿನ ತೋಳು ಮೇಲೇಳುತ್ತೆ, ಮೇಲೇಳುವಾಗ ರಾಡನ್ನ ಸಿಲಿಂಡರ್ ಒಳಗೆ ತಳ್ಳುತ್ತೆ. ಅಂದ್ರೆ ನಿಮ್ಮ ಕಾಲು ಪೆಡಲ್ ಮೇಲೆ ಇಲ್ದೇ ಇದ್ರೂ ಬ್ರೇಕ್ ಒಂದು ಚೂರು ಒತ್ತಿದಂಗೇ. ಸ್ಟಾಪರ್ ಎಷ್ಟು ಇಳಿಸ್ತೀವೋ ಅದಕ್ಕೆ ತಕ್ಕಂಗೆ ರಾಡನ್ನೂ ಗಿಡ್ಡ ಮಾಡ್ಬೇಕಿತ್ತು, ಅದನ್ನ ಮಾಡಿಲ್ಲ ಅಂತ ನನ್ನ ಅನುಮಾನ.

ನೋಡೋದು ಹೆಂಗೆ ಅಂದ್ರೆ, ಗಾಡಿ ಪಕ್ಕ ಕೂತು ಪುಶ್ ರಾಡನ್ನ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪೆಡಲ್ ಬಿಟ್ಟಾಗ ರಾಡಿಗೂ ಪಿಸ್ಟನ್‌ಗೂ ಮಧ್ಯ ಒಂದು ಸಣ್ಣ ಆಟ ಇರ್ಬೇಕು, ಬೆರಳಿಗೆ ಟಿಕ್ ಟಿಕ್ ಅಂತ ಸಿಗುತ್ತೆ. ಸುತ್ತಲೂ ರಬ್ಬರ್ ಬೂಟ್ ಇರುತ್ತೆ, ಅದನ್ನ ಸ್ವಲ್ಪ ಮೇಲೆತ್ತಿ ನೋಡಿ, ಅಲ್ಲೇ ತುಕ್ಕಿನ ನೀರು ನಿಂತಿದ್ರೆ ಅದೂ ಒಂದು ಸುದ್ದಿ. ಆಟ ಸೊನ್ನೆ ಇದ್ರೆ ರಾಡ್ ಮೇಲಿರೋ ಲಾಕ್ ನಟ್ ಲೂಸ್ ಮಾಡಿ ರಾಡನ್ನ ಗಿಡ್ಡ ಆಗೋ ಕಡೆ ಅರ್ಧರ್ಧ ಸುತ್ತು ತಿರುಗಿಸ್ತಾ ಆಟ ಸಿಗೋ ತನಕ ಬನ್ನಿ, ಆಮೇಲೆ ನಟ್ ಬಿಗಿ ಮಾಡಿ. ಎಷ್ಟು ಆಟ ಅನ್ನೋದಕ್ಕೆ ನಿಮ್ಮ ಗಾಡಿ ಮ್ಯಾನುಯಲ್ ನೋಡಿ, ಮಾಡೆಲ್ ಮಾಡೆಲ್‌ಗೆ ಬೇರೆ. ರಾಡಿನ ಥ್ರೆಡ್ (ತಿರುಪಿನ ಸುತ್ತು) ಕ್ಲೆವಿಸ್ ಒಳಗೆ, ಅಂದ್ರೆ ರಾಡನ್ನ ಪೆಡಲ್‌ಗೆ ಜೋಡಿಸೋ ಕವಲು ತುಂಡಿನೊಳಗೆ, ಸಾಕಷ್ಟು ಉಳಿದಿದೆಯಾ ಅಂತಾನೂ ಕಣ್ಣಾಡಿಸಿ, ತುದೀಲಿ ಎರಡೇ ಸುತ್ತು ಹಿಡ್ಕೊಂಡಿದ್ರೆ ಅದು ಬ್ರೇಕ್ ಅಲ್ಲ, ಅಪಾಯ. ಇದೆಲ್ಲ ಆದ್ಮೇಲೆ ಬ್ರೇಕ್ ಲೈಟ್ ಸ್ವಿಚ್ ಮತ್ತೆ ಸೆಟ್ ಮಾಡ್ಬೇಕು, ಪೆಡಲ್ ಜಾಗ ಬದಲಾಗಿದೆಯಲ್ಲ.

ಬ್ರೇಕ್ ಲೈಟ್ ಅಂದಾಗ ನೆನಪಾಯ್ತು. ಓಡ್ಸುವಾಗ ಹಿಂದೆ ಬರೋ ಸ್ನೇಹಿತರಿಗೆ ನಿಮ್ಮ ಬ್ರೇಕ್ ಲೈಟ್ ನೋಡ್ತಾ ಇರೋಕೆ ಹೇಳಿ. ಸುಮ್ಮನೆ ಹೋಗ್ತಿರುವಾಗ್ಲೂ ಲೈಟ್ ಉರೀತಿದ್ರೆ ಒಂದೋ ಪೆಡಲ್ ವಾಪಸ್ ಬರ್ತಿಲ್ಲ, ಇಲ್ಲಾ ನಿಮ್ಮ ಪಾದ ಪೆಡಲ್ ಮೇಲೆ ಕೂತಿದೆ. ಬೇಜಾರ್ ಮಾಡ್ಕೋಬೇಡಿ, ಹಿಂದಿನ ಬ್ರೇಕ್ ಬಿಸಿಯಾಗೋಕೆ ತುಂಬಾ ಸಲ ಕಾರಣ ಪಾದನೇ. ದಪ್ಪ ಬೂಟ್ ಹಾಕಿದಾಗ ಪೆಡಲ್ ಮೇಲೆ ಭಾರ ಬಿದ್ದಿರೋದು ಓಡ್ಸೋರಿಗೆ ಗೊತ್ತೇ ಆಗಲ್ಲ, ಅದ್ರಲ್ಲೂ ಪೆಡಲ್ ಎತ್ತರದಲ್ಲಿದ್ರೆ. ನೀವು ಕೆಳಗೆ ಮಾಡ್ಸಿದ ಉದ್ದೇಶ ಸರಿಯಾದದ್ದೇ, ಮಾಡಿದ ರೀತಿ ಅರ್ಧ ಆಗಿದೆ.

ಪೆಡಲ್ ಸುತ್ತಮುತ್ತನೂ ಒಂದು ನಿಮಿಷ ಕೊಡಿ. ಪೆಡಲ್ ತಿರುಗೋ ಪಿವಟ್‌ಗೆ ಯಾರೂ ಗ್ರೀಸ್ ಹಾಕಲ್ಲ, ಕೆಸರು ತುಕ್ಕು ಸೇರಿ ಬಿಗಿಯಾಗುತ್ತೆ, ಒತ್ತಿದ್ದು ನಿಧಾನಕ್ಕೆ ವಾಪಸ್ ಬರುತ್ತೆ ಇಲ್ಲಾ ಅರ್ಧಕ್ಕೇ ನಿಲ್ಲುತ್ತೆ. ಕೈಯಲ್ಲಿ ಒತ್ತಿ ಬಿಡಿ, ಟಪ್ ಅಂತ ಬರ್ಬೇಕು. ರಿಟರ್ನ್ ಸ್ಪ್ರಿಂಗ್ ಸೋತಿದೆಯಾ, ಗಾಡಿ ಒಂದ್ಸಲ ಬಿದ್ದು ಪೆಡಲ್ ಬಾಗಿ ಫುಟ್‌ರೆಸ್ಟ್‌ಗೋ ಕ್ರ್ಯಾಶ್ ಗಾರ್ಡ್‌ಗೋ ತಾಗ್ತಿದೆಯಾ ನೋಡಿ.

ಅಡ್ಜಸ್ಟ್‌ಮೆಂಟ್ ಸರಿಯಾಗೇ ಇದೆ ಆದ್ರೂ ಪ್ರೆಷರ್ ನಿಲ್ತಿದೆ ಅಂದ್ರೆ ಡಬ್ಬಿ ಕಡೆ ನೋಡಿ. ಹೊಸ ಪ್ಯಾಡ್ ಹಾಕಿದಾಗ ಪಿಸ್ಟನ್ ಒಳಗೆ ತಳ್ತಾರೆ, ಆಯಿಲ್ ಮಟ್ಟ ಮೇಲೇರುತ್ತೆ, ಮೇಲಿಂದ ಇನ್ನಷ್ಟು ತುಂಬಿಸಿ ಮುಚ್ಚಳ ಹಾಕಿರ್ತಾರೆ. ಹಿಗ್ಗೋಕೆ ಡಬ್ಬೀಲಿ ಜಾಗ ಇಲ್ಲಾಂದ್ರೆ ತೂತು ತೆರೆದಿದ್ರೂ ಪ್ರಯೋಜನ ಇಲ್ಲ. ಮೇಲಿನ ಗೆರೆ ದಾಟಿರ್ಬಾರ್ದು. ಮುಚ್ಚಳದ ಗಾಳಿ ದಾರಿ ಕಟ್ಟಿರ್ಬಾರ್ದು, ಕೆಳಗಿನ ರಬ್ಬರ್ ಡಯಾಫ್ರಮ್ ಉಲ್ಟಾ ಮಡಚ್ಕೊಂಡಿರ್ಬಾರ್ದು. ಇನ್ನು ಬ್ರೇಕ್ ಆಯಿಲ್ ಬದಲು ಅಪ್ಪಿತಪ್ಪಿ ಇಂಜಿನ್ ಆಯಿಲ್ ಥರದ್ದು ಏನಾದ್ರೂ ಸೇರಿದ್ರೆ ಒಳಗಿನ ರಬ್ಬರ್ ಎಲ್ಲ ಊದಿಕೊಂಡು ಇದೇ ಲಕ್ಷಣ ಕೊಡುತ್ತೆ, ಡಬ್ಬಿ ಒಳಗಿನ ಡಯಾಫ್ರಮ್ ಅಳತೆ ಮೀರಿ ಸುಕ್ಕಾಗಿ ಮುಚ್ಚಳದೊಳಗೆ ಕೂರದಂಗಾಗಿದ್ರೆ ಹಂಗೇ ಅನುಮಾನ ಪಡ್ಬಹುದು. ಆಗ ತೊಳೆದ್ರೆ ಸಾಲಲ್ಲ, ರಬ್ಬರ್ ಇರೋದೆಲ್ಲ ಬದಲಾಯಿಸ್ಬೇಕು.

ಆ ಸಣ್ಣ ತೂತು ಕಟ್ಟಿದ್ರೆ ಮಾಸ್ಟರ್ ಸಿಲಿಂಡರ್ ಬಿಚ್ಚಿ ಬ್ರೇಕ್ ಕ್ಲೀನರ್‌ನಲ್ಲಿ ತೊಳ್ದು, ತೆಳುವಾದ ಮೃದು ತಂತಿ ಒಂದೆಳೆ ಬಿಟ್ಟು ನೋಡಿ ಗಾಳಿ ಊದ್ಬೇಕು. ಡ್ರಿಲ್ ಹಾಕಿ ದೊಡ್ಡದು ಮಾಡೋರಿದಾರೆ, ದಯವಿಟ್ಟು ಬೇಡ, ಅಂಚು ಚೂಪಾಗಿ ರಬ್ಬರ್ ಕಪ್ ಕತ್ತರಿಸುತ್ತೆ.

ನಿಪ್ಪಲ್ ತೆಗೆದ್ರೂ ಚಕ್ರ ಬಿಡ್ಲಿಲ್ಲ ಅಂದ್ರೆ ಕಥೆ ಬೇರೆ. ಕ್ಯಾಲಿಪರ್ ಪಿಸ್ಟನ್‌ನ ಹಿಂದಕ್ಕೆ ಎಳೆಯೋಕೆ ಒಳಗೆ ಸ್ಪ್ರಿಂಗ್ ಗಿಂಗ್ ಏನೂ ಇಲ್ಲ. ಅದರ ಸುತ್ತ ಇರೋ ಚೌಕ ಅಂಚಿನ ರಬ್ಬರ್ ಸೀಲೇ ಆ ಕೆಲಸ ಮಾಡೋದು. ಪಿಸ್ಟನ್ ಮುಂದೆ ಹೋದಾಗ ಸೀಲ್ ಅದನ್ನ ಬಿಡದೆ ಜೊತೇಲೇ ಓರೆ ಆಗುತ್ತೆ, ಪ್ರೆಷರ್ ಬಿಟ್ಟಾಗ ನೆಟ್ಟಗಾಗುತ್ತೆ, ಎರೇಸರ್‌ನ ಬೆರಳಲ್ಲಿ ಓರೆ ಮಾಡಿ ಬಿಟ್ರೆ ಹೆಂಗೆ ನೆಟ್ಟಗಾಗುತ್ತೋ ಹಂಗೆ, ನೆಟ್ಟಗಾಗುವಾಗ ಪಿಸ್ಟನ್ನೂ ಒಂದು ಮಿಲಿಮೀಟರ್‌ನ ಸಣ್ಣ ಪಾಲಿನಷ್ಟು ಹಿಂದಕ್ಕೆ ತರುತ್ತೆ. ಇಷ್ಟೇ ಅಂತರ. ಅದಕ್ಕೇ ಡಿಸ್ಕ್ ಬ್ರೇಕ್ ಯಾವತ್ತೂ ಸ್ವಲ್ಪ ಸವರ್ತಾ ಇರುತ್ತೆ, ಸಣ್ಣ ಸದ್ದು ಬರುತ್ತೆ, ಅದು ರೋಗ ಅಲ್ಲ. ಕೈಲಿ ತಿರುಗಿಸಿದ ಚಕ್ರ ಒಂದು ಸುತ್ತಾದ್ರೂ ತಾನೇ ಹೋಗ್ತಿದ್ರೆ ನಾನು ತಲೆ ಕೆಡಿಸ್ಕೊಳಲ್ಲ. ಹೋಗ್ದೇ ಇದ್ರೂ ಬ್ರೇಕ್‌ನೇ ಬೈಯೋ ಮುಂಚೆ ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕೆ ತೂಗು ಹಾಕಿ ಚಕ್ರ ತಿರುಗಿಸಿ, ಚೈನ್ ಅತಿ ಬಿಗಿ ಇದ್ರೂ, ಬೇರಿಂಗ್ ಹೋಗಿದ್ರೂ ಚಕ್ರ ಹಿಂಗೇ ಬಿಗಿ ಅನ್ನಿಸುತ್ತೆ. ಕ್ಯಾಲಿಪರ್ ಪೈಪಿನ ಮೇಲೆ ನೇತಾಡೋಕೆ ಬಿಡ್ಬೇಡಿ, ಆ ಹೊತ್ತಲ್ಲಿ ಪೆಡಲ್ ಒತ್ತೋಕೂ ಹೋಗ್ಬೇಡಿ.

ಸೀಲ್ ಕಿಟ್ ಹಾಕ್ಸಿದೀನಿ ಅಂದ್ರಲ್ಲ, ಹೊಸ ಸೀಲ್ ಹಾಕಿದ ಮಾತ್ರಕ್ಕೆ ಸರಿ ಆಗಲ್ಲ. ಸೀಲ್ ಕೂರೋ ಗ್ರೂವ್‌ನ (ಕೊರೆದ ಕಾಲುವೆ) ತಳದಲ್ಲಿ ಅಲ್ಯೂಮಿನಿಯಂ ತುಕ್ಕು ಬೆಳ್ಳಗೆ ಗಟ್ಟಿ ಪುಡಿಯಾಗಿ ಕೂತಿರುತ್ತೆ, ಅದನ್ನ ಕೆರೆದು ತೆಗೀದೆ ಹೊಸ ಸೀಲ್ ಕೂರ್ಸಿದ್ರೆ ಸೀಲ್ ಮೇಲೆದ್ದು ಪಿಸ್ಟನ್ನ ಅಮುಕಿ ಹಿಡ್ಕೊಳ್ಳುತ್ತೆ, ಹಳೇದಕ್ಕಿಂತ ಹೊಸದೇ ಬಿಗಿ. ಪಿಸ್ಟನ್ ಮೇಲೆ ಉಗುರು ಓಡ್ಸಿ ನೋಡಿ, ತುಕ್ಕಿನ ಗುಳಿ ಸಿಕ್ರೆ ಪಿಸ್ಟನ್ ಬದಲಾಯಿಸಿ, ಎಮರಿ ಪೇಪರ್ ಹಾಕಿ ಉಜ್ಜಿ ವಾಪಸ್ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಸ್ಲೈಡ್ ಪಿನ್ ಇನ್ನೊಂದು. ಒಂದೇ ಕಡೆ ಪಿಸ್ಟನ್ ಇರೋ ಕ್ಯಾಲಿಪರ್ ಆ ಪಿನ್‌ಗಳ ಮೇಲೆ ಅತ್ತಿತ್ತ ಜಾರಿದ್ರೆ ಮಾತ್ರ ಆಚೆ ಪ್ಯಾಡ್ ಬಿಡುತ್ತೆ. ಎರಡು ಪ್ಯಾಡ್ ಪಕ್ಕ ಪಕ್ಕ ಇಟ್ಟು ನೋಡಿ, ಒಂದು ತೆಳು ಇನ್ನೊಂದು ದಪ್ಪ, ಇಲ್ಲಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ರೆ ಪಿನ್ ಒಣಗಿದೆ ಇಲ್ಲಾ ಬಾಗಿದೆ. ತೊಳ್ದು ಬ್ರೇಕ್‌ಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ಹಾಕಿ, ಮಾಮೂಲಿ ಚೈನ್ ಬೇರಿಂಗ್ ಗ್ರೀಸ್ ಹಾಕಿದ್ರೆ ಪಿನ್ನಿನ ರಬ್ಬರ್ ಬೂಟ್ ಊದಿಕೊಂಡು ಮತ್ತೆ ಜಾಮ್. ಪ್ಯಾಡ್ ಜಾರೋ ಪಿನ್ ಮೇಲೆ ಗೆರೆ ಬಿದ್ದಿದ್ರೆ ಪ್ಯಾಡ್ ಆ ಗೆರೇಲೇ ಸಿಕ್ಕಾಕೊಳ್ಳುತ್ತೆ. ಚಕ್ರ ಬಿಚ್ಚಿ ಹಾಕಿದ್ಮೇಲೆ ಶುರುವಾದ ತೊಂದರೆ ಆದ್ರೆ ಆಕ್ಸಲ್ ಸ್ಪೇಸರ್ ಅದಲು ಬದಲಾಗಿದೆಯಾ, ಕ್ಯಾಲಿಪರ್ ಬ್ರಾಕೆಟ್ ಸ್ವಿಂಗ್ ಆರ್ಮ್‌ನ (ಹಿಂದಿನ ಚಕ್ರ ಹಿಡಿದಿರೋ ತೋಳು) ಗ್ರೂವ್‌ನಲ್ಲಿ ಸರಿಯಾಗಿ ಕೂತಿದೆಯಾ ನೋಡಿ.

ಇಷ್ಟು ದಿನ ಬಿಸಿಯಾಗಿರೋದ್ರಿಂದ ಏನೇನು ಹಾಳಾಗಿದೆ ಅನ್ನೋದನ್ನೂ ನೋಡ್ಬೇಕು. ಆಯಿಲ್ ಮೊದಲು. ಡಾಟ್ ಅನ್ನೋದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 4 ಆಯಿಲ್‌ನ ಕುದಿಯೋ ಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರ್ಬೇಕು, ಗಾಳಿಯ ತೇವ ಹೀರ್ಕೊಂಡು ನೀರು ಶೇಕಡ 3.7ರಷ್ಟು ಆದ್ಮೇಲೆ ಕನಿಷ್ಠ 155 ಡಿಗ್ರಿ. ಡಾಟ್ 3ಕ್ಕೆ ಇದು 205 ಮತ್ತೆ 140. ಹಿಡ್ಕೊಂಡಿರೋ ಬ್ರೇಕ್‌ಗೆ ಈ ಬಿಸಿ ಮುಟ್ಟೋದು ಕಷ್ಟ ಏನಲ್ಲ, ಮುಟ್ಟಿದ್ರೆ ಆಯಿಲ್ ಕುದ್ದು ಆವಿ ಗುಳ್ಳೆ ಏಳುತ್ತೆ, ಆಗ ಅಷ್ಟೊತ್ತು ಗಟ್ಟಿ ಇದ್ದ ಪೆಡಲ್ ಇದ್ದಕ್ಕಿದ್ದಂಗೆ ಪೂರ್ತಿ ಕೆಳಗೆ ಹೋಗುತ್ತೆ, ಬ್ರೇಕ್ ಇರಲ್ಲ. ನೀವು ಈಚೆಗೆ ಬದಲಾಯಿಸಿದ್ರೂ ಬೆಂದಿರೋ ಆಯಿಲ್ ಅದು, ಸರಿ ಮಾಡಿದ್ಮೇಲೆ ಇನ್ನೊಂದ್ಸಲ ಬದಲಾಯಿಸಿ, ಡಬ್ಬಿ ಮೇಲೆ ಯಾವ ಡಾಟ್ ಬರೆದಿದೆಯೋ ಅದೇ ಹಾಕಿ. ಡಾಟ್ 5 ಅಂತ ಬರೋದು ಸಿಲಿಕೋನ್, ಅದನ್ನ ಬೇರೆದ್ರ ಜೊತೆ ಸೇರ್ಸಬಾರ್ದು, 5.1 ಬೇರೆ, ಅದು ಡಾಟ್ 4ರ ಕುಟುಂಬದ್ದೇ.

ಪ್ಯಾಡ್ ತೆಗೆದು ಮುಖ ನೋಡಿ. ಗಾಜಿನ ಥರ ಹೊಳೀತಿದ್ರೆ, ಅಂಚು ಉದುರ್ತಿದ್ರೆ, ಬೆಂಕಿ ತಾಗಿದಂಗೆ ಬಿಳಿ ಬೂದಿ ಬಣ್ಣ ಬಂದಿದ್ರೆ ಹೊಸದಾದ್ರೂ ಎಸೀರಿ. ಡಿಸ್ಕ್ ಮೇಲೆ ನೀಲಿ ಛಾಯೆ ಇದ್ರೆ ಬಿಸಿ ಮಿತಿ ಮೀರಿತ್ತು ಅಂತ ಅರ್ಥ. ಬೆಂಡ್ ಇದೆ ಅಂದೋರಿಗೆ ಡಯಲ್ ಗೇಜ್ (ಬೆಂಡ್ ಅಳೆಯೋ ಮುಳ್ಳಿನ ಮೀಟರ್) ಇಟ್ಟು ಅಳೆದು ತೋರ್ಸೋಕೆ ಹೇಳಿ, ಬಹಳಷ್ಟು ಮ್ಯಾನುಯಲ್‌ಗಳಲ್ಲಿ ಮಿತಿ 0.3 ಮಿಲಿಮೀಟರ್ ಆಸುಪಾಸು ಇರುತ್ತೆ, ಕಣ್ಣಳತೇಲಿ ಹೇಳೋ ಮಾತಲ್ಲ ಅದು. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕ್ ಮೇಲೇ ಕೆತ್ತಿರ್ತಾರೆ, ಅದನ್ನೂ ಅಳೀರಿ. ಎರಡೂ ಮಿತಿ ಒಳಗಿದ್ರೆ ಹಳೇ ಡಿಸ್ಕೇ ಸಾಕು. ಪಿಸ್ಟನ್ ಸುತ್ತ ಹೊರಗಿನ ಧೂಳು ಸೀಲ್ ಸುಟ್ಟು ಬಿರುಕು ಬಿಟ್ಟಿದೆಯಾ ಅನ್ನೋದನ್ನ ಟಾರ್ಚ್ ಹಾಕಿ ನೋಡಿ.

ಎಲ್ಲಾ ಮುಗಿಸಿ ಓಡ್ಸಿ ನೋಡುವಾಗ ಹತ್ತು ಕಿಲೋಮೀಟರ್ ಹಿಂದಿನ ಬ್ರೇಕ್ ಮುಟ್ಟದೇ ಮುಂದಿನದ್ರಲ್ಲೇ ಹೋಗಿ ನಿಲ್ಲಿಸಿ, ಹಿಂದಿನ ಡಿಸ್ಕ್ ಹತ್ರ ಅಂಗೈ ಒಡ್ಡಿ, ತಾಗಿಸದೆ. ಬಳಸದ ಬ್ರೇಕ್ ಬಿಸಿ ಸೂಸ್ಬಾರ್ದು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ರೆ ಹೊಳೆಯೋ ಡಿಸ್ಕ್ ಮೇಲೆ ಬಿಟ್ರೆ ನಿಜಕ್ಕಿಂತ ಕಮ್ಮಿ ತೋರ್ಸುತ್ತೆ, ಕ್ಯಾಲಿಪರ್‌ನ ಕಪ್ಪು ಬಾಡಿ ಮೇಲೆ ಹಿಡೀರಿ. ಆಮೇಲೆ ಇನ್ನೊಂದು ಹತ್ತು ಕಿಲೋಮೀಟರ್ ಹಿಂದಿನ ಬ್ರೇಕ್ ಚೆನ್ನಾಗಿ ಬಳಸಿ ಬಂದು ಬಿಸಿ ಇರುವಾಗ್ಲೇ ಬೆರಳಲ್ಲಿ ಪುಶ್ ರಾಡ್ ಆಟ ಮತ್ತೆ ನೋಡಿ, ಪೆಡಲ್ ಎತ್ತರ ತಣ್ಣಗಿದ್ದಾಗಿನಷ್ಟೇ ಇದೆಯಾ ನೋಡಿ. ಮಧ್ಯ ದಾರೀಲಿ ಮತ್ತೆ ಹಿಡ್ಕೊಂಡ್ರೆ ಹಂಗೇ ಎಳ್ಕೊಂಡು ಬರ್ಬೇಡಿ, ಪಕ್ಕಕ್ಕೆ ನಿಲ್ಲಿಸಿ ತಣ್ಣಗಾಗೋಕೆ ಬಿಟ್ಟು, ಲಾಕ್ ನಟ್ ಸಡಿಲಿಸಿ ರಾಡ್ ಇನ್ನೊಂದು ಸುತ್ತು ಗಿಡ್ಡ ಮಾಡಿ, ಮುಂದಿನ ಬ್ರೇಕ್ ನಂಬ್ಕೊಂಡು ನಿಧಾನಕ್ಕೆ ಮನೆ ಸೇರ್ಕೊಳಿ.